ಚಿತ್ರದ ಬಿಂದು, ನೆಲದ ಬಿಂದು: ಫೋಟೋಗ್ರಾಮೆಟ್ರಿಯ ಗಣಿತ ಮಾದರಿಗಳಲ್ಲಿ ಯಾವುದನ್ನು ಎಲ್ಲಿ ನಂಬಬಹುದು?

ಅಳತೆಗಾರ

ಎಲ್ಲರಿಗೂ ನಮಸ್ಕಾರ. ಭೂಮಾಪನದಲ್ಲಿ ಹಲವು ವರ್ಷ ದುಡಿದಿದ್ದೇನೆ, ಆದರೆ ಫೋಟೋಗ್ರಾಮೆಟ್ರಿ, ಅಂದರೆ ಚಿತ್ರಗಳಿಂದ ನೆಲದ ಅಳತೆ ಪಡೆಯುವ ವಿದ್ಯೆ, ನನಗೆ ಹೊಸದು. ಒಂದು ಕಲ್ಲುಗಣಿಯಿಂದ ಎಷ್ಟು ಘನ ಮೀಟರ್ ಕಲ್ಲು ಹೊರಬಿದ್ದಿದೆ ಎಂದು ಲೆಕ್ಕ ಹಾಕಬೇಕಿತ್ತು. ಡ್ರೋನನ್ನು 100 ಮೀಟರ್ ಎತ್ತರದಲ್ಲಿ ಹಾರಿಸಿ, ಕ್ಯಾಮೆರಾವನ್ನು ನೇರ ಕೆಳಮುಖವಾಗಿಟ್ಟು ಚಿತ್ರಗಳನ್ನು ತೆಗೆದೆ. ಸಂಗಮದೂರ 8.8 ಮಿ.ಮೀ., ಪಿಕ್ಸೆಲ್‌ನ ಅಳತೆ 2.4 ಮೈಕ್ರಾನ್, ಹಾಗಾಗಿ ನೆಲದ ಮೇಲೆ ಒಂದು ಪಿಕ್ಸೆಲ್ ಸುಮಾರು 2.7 ಸೆಂ.ಮೀ. ಆಗುತ್ತದೆ.

ಗಣಿಯೊಳಗೆ ಇಳಿಯುವುದು ಸುರಕ್ಷಿತವಲ್ಲದ್ದರಿಂದ ಎಂಟು ನಿಯಂತ್ರಣ ಬಿಂದುಗಳನ್ನೂ (ನೆಲದ ಮೇಲಿನ ಸ್ಥಾನವನ್ನು ನಿಖರವಾಗಿ ಅಳೆದಿಟ್ಟ ಗುರುತುಗಳು) ಗಣಿಯ ಸುತ್ತಲಿನ ಸಮತಟ್ಟು ನೆಲದಲ್ಲಿಯೇ ಇಟ್ಟೆ. ಅವುಗಳೊಳಗಿನ ಎತ್ತರದ ವ್ಯತ್ಯಾಸ ಹೆಚ್ಚೆಂದರೆ 25 ಸೆಂ.ಮೀ. ಚಿತ್ರ ಮತ್ತು ನೆಲದ ನಿರ್ದೇಶಾಂಕಗಳನ್ನು ಜೋಡಿಸಲು ನೇರ ರೇಖಾತ್ಮಕ ಪರಿವರ್ತನೆ, ಅಂದರೆ ಡಿಎಲ್‌ಟಿ ಮಾದರಿಯನ್ನು ಬಳಸಿದೆ. ಅದಕ್ಕೆ ಕ್ಯಾಮೆರಾದ ವಿವರಗಳೂ ಬೇಡ, ಆರಂಭಿಕ ಅಂದಾಜುಗಳೂ ಬೇಡ ಎಂದು ಓದಿದ್ದೆ. ನಿಯಂತ್ರಣ ಬಿಂದುಗಳಲ್ಲಿ ಉಳಿದ ಶೇಷದೋಷ, ಅಂದರೆ ಮಾದರಿಯ ಲೆಕ್ಕಕ್ಕೂ ಅಳತೆಗೂ ಇರುವ ವ್ಯತ್ಯಾಸ, ಅರ್ಧ ಪಿಕ್ಸೆಲ್‌ಗಿಂತ ಕಡಿಮೆ. ಆದರೆ 18 ಮೀಟರ್ ಕೆಳಗಿರುವ ಗಣಿಯ ತಳದಲ್ಲಿ, ಅಂಚಿನ ಮೇಲಿಂದಲೇ ಟೋಟಲ್ ಸ್ಟೇಷನ್ (ಕೋನ ಮತ್ತು ದೂರ ಅಳೆಯುವ ಉಪಕರಣ) ಬಳಸಿ, ಗುರಿಯಲ್ಲಿ ಪ್ರತಿಫಲಕ ಪ್ರಿಸಂ ಇಲ್ಲದೆ ಅಳೆದಿದ್ದ, ಲೆಕ್ಕದಲ್ಲಿ ಸೇರಿಸದ ಮೂರು ತಪಾಸಣಾ ಬಿಂದುಗಳಲ್ಲಿ ಎತ್ತರದ ದೋಷ ಎರಡು ಮೀಟರ್ ದಾಟಿದೆ. ಮೇಲೆ ಇಷ್ಟು ಚೆನ್ನಾಗಿ ಹೊಂದಿದ ಮಾದರಿ ಕೆಳಗೆ ಇಳಿದೊಡನೆ ಏಕೆ ಕೈಕೊಡುತ್ತದೆ?

ಕನಿಷ್ಠವರ್ಗ

ನಿಮ್ಮ ಲೆಕ್ಕದಲ್ಲಿ ಬಹುಶಃ ಒಂದೂ ತಪ್ಪಿಲ್ಲ. ನೀವು ಮಾದರಿಗೆ ಕೇಳಿದ ಪ್ರಶ್ನೆಗೆ ಉತ್ತರ ನಿಮ್ಮ ದತ್ತಾಂಶದಲ್ಲಿಯೇ ಇರಲಿಲ್ಲ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಈ ಎಡವಟ್ಟು ಬಹಳ ಜನರಿಗೆ ಆಗುತ್ತದೆ ಮತ್ತು ಶೇಷದೋಷದ ಪಟ್ಟಿಯಲ್ಲಿ ಅದರ ಸುಳಿವು ಸಿಗುವುದಿಲ್ಲ.

ಅಬ್ದೆಲ್ ಅಜೀಜ್ ಮತ್ತು ಕರಾರಾ 1971ರಲ್ಲಿ ಮಂಡಿಸಿದ ಡಿಎಲ್‌ಟಿಯಲ್ಲಿ 11 ಪ್ರಾಚಲಗಳಿವೆ, ಅಂದರೆ ದತ್ತಾಂಶದಿಂದ ಕಂಡುಹಿಡಿಯಬೇಕಾದ 11 ಸಂಖ್ಯೆಗಳು. ಚಿತ್ರದ ಒಂದೊಂದು ನಿರ್ದೇಶಾಂಕವೂ ಒಂದು ಭಿನ್ನರಾಶಿ. ಅಂಶದಲ್ಲಿ ನೆಲದ ಮೂರು ನಿರ್ದೇಶಾಂಕಗಳ ರೇಖಾತ್ಮಕ ಮೊತ್ತವಿರುತ್ತದೆ, ಛೇದದಲ್ಲಿ ಅಂಥದೇ ಇನ್ನೊಂದು ಮೊತ್ತವಿರುತ್ತದೆ, ಛೇದ ಎರಡಕ್ಕೂ ಒಂದೇ. ಛೇದದಿಂದ ಎರಡೂ ಕಡೆ ಗುಣಿಸಿದರೆ ಸಮೀಕರಣ ರೇಖಾತ್ಮಕವಾಗುತ್ತದೆ. ಆರಂಭಿಕ ಅಂದಾಜು ಬೇಡವಾಗುವುದು ಈ ಕಾರಣಕ್ಕೆ. ಪ್ರತಿ ನಿಯಂತ್ರಣ ಬಿಂದು ಎರಡು ಸಮೀಕರಣಗಳನ್ನು ಕೊಡುವುದರಿಂದ ಕನಿಷ್ಠ ಆರು ಬಿಂದುಗಳು ಸಾಕು ಎಂದು ಪುಸ್ತಕಗಳು ಹೇಳುತ್ತವೆ. ಅದರ ಪಕ್ಕದಲ್ಲಿಯೇ ಬರೆದಿರುವ ಷರತ್ತನ್ನು ನಾವು ಓದಿ ಮರೆಯುತ್ತೇವೆ: ಆ ಬಿಂದುಗಳು ಒಂದೇ ಸಮತಲದಲ್ಲಿ ಇರಕೂಡದು.

ಎಲ್ಲ ಬಿಂದುಗಳ ಎತ್ತರವೂ ಒಂದೇ ಆಗಿದ್ದರೆ ಏನಾಗುತ್ತದೆ ನೋಡಿ. ಎತ್ತರವನ್ನು ಗುಣಿಸುವ ಸಹಗುಣಕ ಮತ್ತು ಪಕ್ಕದ ಸ್ಥಿರಾಂಕ ಎರಡೂ ಸೇರಿ ಒಂದೇ ಸಂಖ್ಯೆಯಾಗಿಬಿಡುತ್ತವೆ, ಅವುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಬೇರ್ಪಡಿಸಲು ಸಾಧ್ಯವೇ ಇಲ್ಲ. ಎರಡು ಅಂಶಗಳಲ್ಲಿ ಒಂದೊಂದು, ಛೇದದಲ್ಲಿ ಒಂದು, ಹೀಗೆ ಮೂರು ಪ್ರಾಚಲಗಳು ಕಳೆದುಹೋಗುತ್ತವೆ. ಉಳಿಯುವುದು 8. ಅದು ಸಮತಲದಿಂದ ಸಮತಲಕ್ಕೆ ಹೋಗುವ ಪ್ರಕ್ಷೇಪೀಯ ಪರಿವರ್ತನೆ, ಮೂರನೆಯ ಆಯಾಮದ ಬಗ್ಗೆ ಅದಕ್ಕೆ ಏನೂ ತಿಳಿದಿಲ್ಲ.

ನಿಮ್ಮ ಬಿಂದುಗಳಲ್ಲಿ 25 ಸೆಂ.ಮೀ. ಏರಿಳಿತವಿತ್ತು. ಆದ್ದರಿಂದ ಸಮೀಕರಣಗಳ ಮಾತೃಕೆ (ಸಹಗುಣಕಗಳ ಕೋಷ್ಟಕ) ಬಿಡಿಸಲಾಗದಂತೆ ಪೂರ್ತಿ ಕುಸಿಯದೆ, ಒಂದು ಉತ್ತರವನ್ನು ಕೊಟ್ಟಿತು. ಅದು ಕುಸಿದಿದ್ದರೇ ಒಳ್ಳೆಯದಿತ್ತು. ಸ್ಥೂಲವಾಗಿ ಅಂದಾಜಿಸಿದರೆ, 25 ಸೆಂ.ಮೀ. ಏರಿಳಿತದಿಂದ ಕಲಿತ ಎತ್ತರದ ಸಹಗುಣಕವನ್ನು ನೀವು 18 ಮೀಟರ್ ಕೆಳಗೆ ಚಾಚಿದ್ದೀರಿ, ಅಂದರೆ 72 ಪಟ್ಟು. ಅಳತೆಯಲ್ಲಿನ 3 ಸೆಂ.ಮೀ. ಅನಿಶ್ಚಿತತೆ 72 ಪಟ್ಟಾದರೆ 2 ಮೀಟರ್ ದಾಟುತ್ತದೆ. ನಿಮಗೆ ಸಿಕ್ಕ ದೋಷದ ಪ್ರಮಾಣವೂ ಸರಿಸುಮಾರು ಅದೇ.

ಅಳತೆಗಾರ

ಈಗ ಅರ್ಥವಾಯಿತು. ಎಂಟು ಬಿಂದುಗಳಿಂದ 16 ಸಮೀಕರಣಗಳು, 11 ಅವ್ಯಕ್ತಗಳು, ಐದು ಹೆಚ್ಚುವರಿ ಎಂದು ಎಣಿಸಿ ಧೈರ್ಯವಾಗಿದ್ದೆ. ಎಣಿಕೆ ಸರಿಯಿದ್ದರೂ ಹಂಚಿಕೆ ಸರಿಯಿರಲಿಲ್ಲ. ಹಾಗಾದರೆ ಇದೇ ಎಂಟು ಬಿಂದುಗಳನ್ನು ಇಟ್ಟುಕೊಂಡು ಬೇರೆ ಮಾದರಿಯಿಂದ ಕೆಲಸ ಸಾಧ್ಯವೇ, ಅಥವಾ ಮತ್ತೆ ಸ್ಥಳಕ್ಕೆ ಹೋಗಲೇಬೇಕೇ?

ಕನಿಷ್ಠವರ್ಗ

ಸಾಧ್ಯ, ಆದರೆ ಆಗ ಕ್ಯಾಮೆರಾದ ಬಗ್ಗೆ ನಿಮಗೆ ಮೊದಲೇ ತಿಳಿದಿರಬೇಕು. ಮೂಲ ಮಾದರಿ ಸರಳರೇಖಾಗತ ನಿಬಂಧನೆ. ಕಾಲಿನಿಯಾರಿಟಿ ಎಂದು ಎಲ್ಲರೂ ಕರೆಯುವುದು ಇದನ್ನೇ. ನೆಲದ ಬಿಂದು, ಮಸೂರದ ಪ್ರಕ್ಷೇಪ ಕೇಂದ್ರ ಮತ್ತು ಚಿತ್ರದ ಬಿಂದು ಈ ಮೂರೂ ಒಂದೇ ಸರಳರೇಖೆಯ ಮೇಲಿವೆ ಎಂಬುದಷ್ಟೇ ಅದರ ಹೇಳಿಕೆ. ನೆಲದ ಬಿಂದುವಿನಿಂದ ಪ್ರಕ್ಷೇಪ ಕೇಂದ್ರವನ್ನು ಕಳೆದರೆ ಸಿಗುವ ಸದಿಶವನ್ನು 3×3 ಪರಿಭ್ರಮಣ ಮಾತೃಕೆಯಿಂದ ಕ್ಯಾಮೆರಾದ ಅಕ್ಷಗಳಿಗೆ ತಿರುಗಿಸಿ, ಮೊದಲ ಎರಡು ಘಟಕಗಳನ್ನು ಮೂರನೆಯದರಿಂದ ಭಾಗಿಸಿ, ಋಣ ಚಿಹ್ನೆಯೊಡನೆ ಸಂಗಮದೂರದಿಂದ ಗುಣಿಸಿದರೆ, ಪ್ರಧಾನ ಬಿಂದುವಿನಿಂದ (ಮಸೂರದ ಅಕ್ಷ ಚಿತ್ರವನ್ನು ತಾಗುವ ಜಾಗ) ಅಳೆದ ಚಿತ್ರದ ಎರಡು ನಿರ್ದೇಶಾಂಕಗಳು ಬರುತ್ತವೆ.

ಕ್ಯಾಮೆರಾದ ಆಂತರಿಕ ವಿವರಗಳು ತಿಳಿದಿದ್ದರೆ ಇಲ್ಲಿ ಉಳಿಯುವ ಅವ್ಯಕ್ತಗಳು ಆರೇ: ಪ್ರಕ್ಷೇಪ ಕೇಂದ್ರದ ಮೂರು ನಿರ್ದೇಶಾಂಕಗಳು, ಮತ್ತು ಕ್ಯಾಮೆರಾ ಯಾವ ಕಡೆ ತಿರುಗಿದೆ ಎಂದು ಹೇಳುವ ಒಮೆಗಾ, ಫೈ, ಕಪ್ಪಾ ಎಂಬ ಮೂರು ಕೋನಗಳು. ಡಿಎಲ್‌ಟಿಯ 11 ಎಲ್ಲಿಂದ ಬಂತು ಎಂಬುದೂ ಇದರಿಂದ ತಿಳಿಯುತ್ತದೆ. ಈ ಆರಕ್ಕೆ ಸಂಗಮದೂರ ಮತ್ತು ಪ್ರಧಾನ ಬಿಂದುವಿನ ಎರಡು ನಿರ್ದೇಶಾಂಕಗಳನ್ನು ಸೇರಿಸಿ, ಚಿತ್ರದ ಎರಡು ಅಕ್ಷಗಳ ಪ್ರಮಾಣದ ವ್ಯತ್ಯಾಸವನ್ನೂ ಅವು ಲಂಬವಾಗಿಲ್ಲದಿರುವುದನ್ನೂ ಸೇರಿಸಿ. ನಿಮ್ಮ ದತ್ತಾಂಶ ಹೊರಲಾರದ ಐದು ಹೊರೆಗಳನ್ನು ಡಿಎಲ್‌ಟಿ ಅದರ ಮೇಲೆ ಹೇರಿತ್ತು.

ಸಮತಲದಲ್ಲಿರುವ ಬಿಂದುಗಳಿಂದಲೂ ಆರು ಅವ್ಯಕ್ತಗಳನ್ನು ಚೆನ್ನಾಗಿಯೇ ಬಿಡಿಸಬಹುದು. ಮೂರು ಬಿಂದುಗಳೇ ಸಾಕಾದರೂ, ಮೂರೇ ಇದ್ದಾಗ ಒಂದಕ್ಕಿಂತ ಹೆಚ್ಚು ಪರಿಹಾರಗಳು ಬರಬಹುದು. ನಾಲ್ಕನೆಯದು ಆ ಸಂದೇಹವನ್ನು ನೀಗುತ್ತದೆ. ಸಮೀಕರಣಗಳು ರೇಖಾತ್ಮಕವಲ್ಲವಾದ್ದರಿಂದ ಟೇಲರ್ ಶ್ರೇಣಿಯ ಮೊದಲ ಪದಗಳನ್ನಷ್ಟೇ ಇಟ್ಟುಕೊಂಡು ಕನಿಷ್ಠ ವರ್ಗ ವಿಧಾನದಿಂದ ಮತ್ತೆ ಮತ್ತೆ ತಿದ್ದಬೇಕಾಗುತ್ತದೆ. ಡ್ರೋನ್‌ನ ಸ್ಥಾನ ಮತ್ತು ದಿಕ್ಕಿನ ದಾಖಲೆ ಆರಂಭಿಕ ಅಂದಾಜಿಗೆ ಧಾರಾಳವಾಗಿ ಸಾಕು.

ಒಂದು ಎಚ್ಚರಿಕೆ. ಡ್ರೋನ್ ಬರೆದಿಡುವ ಯಾ, ಪಿಚ್, ರೋಲ್ ಕೋನಗಳು ಒಮೆಗಾ, ಫೈ, ಕಪ್ಪಾ ಅಲ್ಲ. ಅಕ್ಷಗಳೂ ಬೇರೆ, ತಿರುಗಿಸುವ ಕ್ರಮವೂ ಬೇರೆ. ಕ್ರಮ ಬದಲಾದರೆ ಮಾತೃಕೆಯೇ ಬದಲಾಗುತ್ತದೆ. ಇದನ್ನು ಗಮನಿಸದೆ ನಾನು ಒಮ್ಮೆ ಎರಡು ದಿನ ಕಳೆದುಕೊಂಡಿದ್ದೇನೆ.

ಮಸೂರದಂಚು

ಮೇಲಿನ ಉತ್ತರವನ್ನು ಪೂರ್ತಿ ಒಪ್ಪುತ್ತೇನೆ, ಆದರೆ "ಕ್ಯಾಮೆರಾದ ಆಂತರಿಕ ವಿವರಗಳು ತಿಳಿದಿದ್ದರೆ" ಎಂಬ ಮಾತಿನ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕೆಂದು ನನಗೆ ಅನಿಸುತ್ತದೆ. ಈ ಪ್ರಕರಣದಲ್ಲಿ ನಿಜವಾದ ಅಪಾಯ ಅಲ್ಲಿದೆ.

ತಯಾರಕರು ಪೆಟ್ಟಿಗೆಯ ಮೇಲೆ ಬರೆದ 8.8 ಮಿ.ಮೀ. ಒಂದು ಸಾಮಾನ್ಯ ಬೆಲೆ. ನಿಮ್ಮ ಕೈಯಲ್ಲಿರುವ ಕ್ಯಾಮೆರಾದಲ್ಲಿ, ನೀವು ಫೋಕಸ್ ಮಾಡಿದ ದೂರದಲ್ಲಿ, ಆ ದಿನದ ಉಷ್ಣತೆಯಲ್ಲಿ ಅದು ಬೇರೆಯೇ ಇರುತ್ತದೆ. ಅದು ನೂರರಲ್ಲಿ ಒಂದು ಪಾಲು ತಪ್ಪಿದೆ ಎಂದಿಟ್ಟುಕೊಳ್ಳಿ. ಎಲ್ಲ ಚಿತ್ರಗಳೂ ನೇರ ಕೆಳಮುಖವಾಗಿದ್ದು ನಿಯಂತ್ರಣ ಬಿಂದುಗಳೆಲ್ಲ ಸಮತಟ್ಟಾಗಿದ್ದರೆ, ಲೆಕ್ಕವು ಹಾರಾಟದ ಎತ್ತರವನ್ನೂ ಅದೇ ನೂರರಲ್ಲಿ ಒಂದು ಪಾಲಿನಷ್ಟು ಏರಿಸಿ ಅಥವಾ ಇಳಿಸಿ ತಪ್ಪನ್ನು ಪೂರ್ತಿ ಮುಚ್ಚಿಬಿಡುತ್ತದೆ. ಚಿತ್ರದ ನಿರ್ದೇಶಾಂಕವನ್ನು ನಿರ್ಧರಿಸುವುದು ಸಂಗಮದೂರ ಮತ್ತು ಆಳದ ಅನುಪಾತ; ಎರಡನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ಅನುಪಾತ ಬದಲಾಗುವುದಿಲ್ಲ. ನಿಯಂತ್ರಣ ಬಿಂದುಗಳಲ್ಲಿ ಶೇಷದೋಷ ಸೊನ್ನೆಯಾದರೂ, ಅವುಗಳ ಮಟ್ಟದಿಂದ ಅಳೆದ ಪ್ರತಿಯೊಂದು ಆಳವೂ ನೂರರಲ್ಲಿ ಒಂದು ಪಾಲು ಹಿಗ್ಗಿರುತ್ತದೆ ಅಥವಾ ಕುಗ್ಗಿರುತ್ತದೆ. 18 ಮೀಟರ್ ಆಳದಲ್ಲಿ ಅದು 18 ಸೆಂ.ಮೀ. ಗಣಿಯ ಘನಗಾತ್ರದಲ್ಲಿಯೂ ಸರಿಸುಮಾರು ನೂರರಲ್ಲಿ ಒಂದು ಪಾಲು. ಯಾರೋ ಆ ಅಂಕಿಯ ಮೇಲೆ ಹಣದ ಲೆಕ್ಕ ಮಾಡುವವರಿದ್ದಾರೆ.

ಕ್ಯಾಮೆರಾವನ್ನು 20ರಿಂದ 30 ಡಿಗ್ರಿ ಓರೆಯಾಗಿಸಿ ಕೆಲವು ಚಿತ್ರಗಳನ್ನು ಸೇರಿಸಿದರೆ ಈ ಗಂಟು ಬಿಚ್ಚುತ್ತದೆ. ಓರೆ ಚಿತ್ರದಲ್ಲಿ ಸಮತಟ್ಟು ನೆಲವೇ ಹತ್ತಿರದಿಂದ ದೂರಕ್ಕೆ ಹಲವು ಆಳಗಳಲ್ಲಿ ಹರಡಿರುವುದರಿಂದ, ಸಂಗಮದೂರ ಮತ್ತು ಎತ್ತರ ಪರಸ್ಪರ ಒಂದರ ತಪ್ಪನ್ನು ಇನ್ನೊಂದು ಅಡಗಿಸಿಕೊಳ್ಳಲಾರವು.

ಮಸೂರದ ವಿರೂಪವೂ ಇದೆ. ಸರಳರೇಖಾಗತ ನಿಬಂಧನೆ ಊಹಿಸುವ ಸರಳರೇಖೆ ಮಸೂರದೊಳಗೆ ಸ್ವಲ್ಪ ಬಾಗುತ್ತದೆ. ಪ್ರಧಾನ ಬಿಂದುವಿನಿಂದ ದೂರ ಹೋದಂತೆ ಆ ದೂರದ ಮೂರು, ಐದು ಮತ್ತು ಏಳನೆಯ ಘಾತಗಳಲ್ಲಿ ಬೆಳೆಯುವ ತ್ರಿಜ್ಯೀಯ ವಿರೂಪಕ್ಕೆ ಸಾಮಾನ್ಯವಾಗಿ ಮೂರು ಸಹಗುಣಕಗಳನ್ನೂ, ಮಸೂರದ ಗಾಜುಗಳು ಒಂದೇ ಅಕ್ಷದ ಮೇಲೆ ಕೂರದಿರುವುದರಿಂದ ಬರುವ ವಿರೂಪಕ್ಕೆ ಎರಡನ್ನೂ ಇಡುತ್ತಾರೆ. ಡುವೇನ್ ಬ್ರೌನ್ 1966 ಮತ್ತು 1971ರ ತಮ್ಮ ಬರಹಗಳಲ್ಲಿ ಬೆಳೆಸಿದ ಈ ರೂಪವೇ ಇಂದಿನ ಬಹುತೇಕ ತಂತ್ರಾಂಶಗಳಲ್ಲಿದೆ. ತ್ರಿಜ್ಯೀಯ ಸಹಗುಣಕಗಳು ಸ್ವಲ್ಪ ತಪ್ಪಿದರೂ ಸಮತಟ್ಟು ನೆಲ ಗುಮ್ಮಟದಂತೆ ಉಬ್ಬಿಯೋ ಬಟ್ಟಲಿನಂತೆ ತಗ್ಗಿಯೋ ಬರುತ್ತದೆ. ಇದಕ್ಕೂ ಓರೆ ಚಿತ್ರಗಳೇ ಮದ್ದು.

ಹೊಸಓದುಗ

ಮಧ್ಯೆ ಒಂದು ಮೂಲಭೂತ ಪ್ರಶ್ನೆ ಕೇಳುತ್ತಿದ್ದೇನೆ, ದಯವಿಟ್ಟು ಮನ್ನಿಸಿ. ಆರು ಅವ್ಯಕ್ತಗಳೂ ತಿಳಿದ ಮೇಲೆ ಒಂದೇ ಚಿತ್ರದಿಂದ ನೆಲದ ಬಿಂದುವನ್ನು ಏಕೆ ಪಡೆಯಲಾಗುವುದಿಲ್ಲ? ಸಮೀಕರಣವನ್ನು ತಿರುಗಿಸಿ ಬರೆದರೆ ಸಾಲದೇ?

ಕನಿಷ್ಠವರ್ಗ

ಮನ್ನಿಸುವಂಥದ್ದೇನೂ ಇಲ್ಲ, ಇದು ಇಡೀ ವಿಷಯದ ತಿರುಳು. ಒಂದು ಚಿತ್ರಬಿಂದು ಎರಡು ಸಂಖ್ಯೆಗಳನ್ನು ಮಾತ್ರ ಕೊಡುತ್ತದೆ, ನೆಲದ ಬಿಂದುವಿಗೆ ಮೂರು ಬೇಕು. ಸಮೀಕರಣವನ್ನು ತಿರುಗಿಸಿ ಬರೆದರೆ ನಿಮಗೆ ಸಿಗುವುದು ಒಂದು ಕಿರಣ. ಆ ಕಿರಣದ ಮೇಲೆ ಬಿಂದು ಎಲ್ಲಿದೆ ಎಂದು ಚಿತ್ರ ಹೇಳುವುದಿಲ್ಲ. ಇನ್ನೊಂದು ಸ್ಥಾನದಿಂದ ತೆಗೆದ ಎರಡನೆಯ ಚಿತ್ರ ಸೇರಿದರೆ ಸಮೀಕರಣಗಳು ನಾಲ್ಕು, ಅವ್ಯಕ್ತಗಳು ಮೂರು, ಎರಡು ಕಿರಣಗಳು ಛೇದಿಸುತ್ತವೆ. ನೆಲದ ಎತ್ತರದ ಮಾದರಿ ಮೊದಲೇ ಇದ್ದರೆ, ಒಂದೇ ಚಿತ್ರದ ಕಿರಣ ಆ ಮೇಲ್ಮೈಯನ್ನು ಎಲ್ಲಿ ತಾಗುತ್ತದೆ ಎಂದು ಹಂತ ಹಂತವಾಗಿ ಹುಡುಕಬಹುದು. ಆರ್ಥೋಫೋಟೋ, ಅಂದರೆ ನಕ್ಷೆಯಂತೆ ಅಳೆಯಬಹುದಾದಂತೆ ತಿದ್ದಿದ ಚಿತ್ರ, ತಯಾರಾಗುವುದಕ್ಕೂ ಎತ್ತರದ ಮಾದರಿಯೇ ಆಧಾರ, ಆದರೆ ಅಲ್ಲಿ ನೆಲದ ಚೌಕದಿಂದ ಚಿತ್ರಕ್ಕೆ ಹೋಗುವುದು ಹೆಚ್ಚು ಸುಲಭ.

ದೂರಸಂವೇದಿ

ಬಹಳ ಉಪಯುಕ್ತ ಚರ್ಚೆ. ನನ್ನ ಕೆಲಸ ಉಪಗ್ರಹ ಚಿತ್ರಗಳದ್ದು, ಅಲ್ಲಿ ಸರಳರೇಖಾಗತ ನಿಬಂಧನೆ ಬೇರೆಯದೇ ರೂಪ ತಾಳುತ್ತದೆ ಎಂಬುದನ್ನು ಇಲ್ಲಿ ಸೇರಿಸುತ್ತೇನೆ.

1986ರಲ್ಲಿ ಹಾರಿದ ಸ್ಪಾಟ್-1 ಉಪಗ್ರಹವನ್ನು ನೆನೆಯಿರಿ. ಅದು ಒಮ್ಮೆಲೇ ಇಡೀ ಚಿತ್ರವನ್ನು ತೆಗೆಯುತ್ತಿರಲಿಲ್ಲ. 10 ಮೀಟರ್ ಅಳತೆಯ 6000 ಪಿಕ್ಸೆಲ್‌ಗಳ ಒಂದು ಸಾಲನ್ನು ತೆಗೆದು, ಮುಂದೆ ಸರಿದು, ಮತ್ತೊಂದು ಸಾಲನ್ನು ತೆಗೆಯುತ್ತ 60 ಕಿ.ಮೀ. ಅಗಲದ ಪಟ್ಟಿಯನ್ನು ಗುಡಿಸಿದಂತೆ ಚಿತ್ರಿಸುತ್ತಿತ್ತು. ಪ್ರತಿಯೊಂದು ಸಾಲಿಗೂ ತನ್ನದೇ ಪ್ರಕ್ಷೇಪ ಕೇಂದ್ರ, ತನ್ನದೇ ಕೋನಗಳು. 6000 ಸಾಲುಗಳಿಗೆ ಆರರಂತೆ ಬಿಡಿಬಿಡಿಯಾಗಿ ಎಣಿಸಿದರೆ 36,000 ಅವ್ಯಕ್ತಗಳು! ಅದೃಷ್ಟವಶಾತ್ ಉಪಗ್ರಹ ತನ್ನ ಕಕ್ಷೆಯಲ್ಲಿ ಮೃದುವಾಗಿ ಚಲಿಸುತ್ತದೆ. ಆದ್ದರಿಂದ ಸ್ಥಾನ ಮತ್ತು ಕೋನಗಳನ್ನು ಕಾಲದ ಬಹುಪದೋಕ್ತಿಗಳಾಗಿ ಬರೆದರೆ ಅವ್ಯಕ್ತಗಳು ಕೆಲವೇ ಆಗುತ್ತವೆ. ಇದನ್ನು ಭೌತಿಕ ಮಾದರಿ ಎನ್ನುತ್ತಾರೆ.

1999ರಲ್ಲಿ ಇಕೊನೋಸ್ ಬಂದಾಗ ಆ ಭೌತಿಕ ಮಾದರಿಯ ವಿವರಗಳನ್ನು ಬಳಕೆದಾರರಿಗೆ ಕೊಡದೆ, ಅದರ ಬದಲಿಗೆ ಆರ್‌ಪಿಸಿ (ರ್ಯಾಷನಲ್ ಪಾಲಿನಾಮಿಯಲ್ ಕೋಎಫಿಶಿಯೆಂಟ್ಸ್) ಎಂಬ ಸಹಗುಣಕಗಳ ಕಡತವನ್ನು ಕೊಟ್ಟರು. ಚಿತ್ರದಲ್ಲಿ ಪಿಕ್ಸೆಲ್‌ನ ಅಡ್ಡಸಾಲಿನ ಸಂಖ್ಯೆಯೂ ಕಂಬಸಾಲಿನ (ಕಾಲಂ) ಸಂಖ್ಯೆಯೂ ತಲಾ ಒಂದು ಭಿನ್ನರಾಶಿ. ಅಂಶ ಮತ್ತು ಛೇದ ಎರಡೂ ಅಕ್ಷಾಂಶ, ರೇಖಾಂಶ, ಎತ್ತರಗಳ ಮೂರನೆಯ ಘಾತದ ಬಹುಪದೋಕ್ತಿಗಳು. ಒಂದೊಂದರಲ್ಲಿ 20 ಪದಗಳಂತೆ ನಾಲ್ಕರಲ್ಲಿ 80 ಸಹಗುಣಕಗಳು, ಛೇದಗಳ ಸ್ಥಿರಾಂಕವನ್ನು 1 ಎಂದು ಹಿಡಿದರೆ 78. ಲೆಕ್ಕ ಸ್ಥಿರವಾಗಿರಲೆಂದು ಎಲ್ಲ ನಿರ್ದೇಶಾಂಕಗಳನ್ನೂ ಮೊದಲು -1ರಿಂದ +1ರ ನಡುವೆ ತಂದುಕೊಳ್ಳುತ್ತಾರೆ.

ಅಳತೆಗಾರ

ಆ 78 ಸಹಗುಣಕಗಳನ್ನು ನನ್ನ ನಿಯಂತ್ರಣ ಬಿಂದುಗಳಿಂದಲೇ ಪಡೆಯಬಹುದೇ? ಡ್ರೋನ್ ಚಿತ್ರಕ್ಕೂ ಅದನ್ನೇ ಬಳಸಿದರೆ?

ದೂರಸಂವೇದಿ

ದಯವಿಟ್ಟು ಬೇಡ. ಸಂಖ್ಯೆಯ ದೃಷ್ಟಿಯಿಂದ 39 ಬಿಂದುಗಳು ಸಾಕು ಎನ್ನಬಹುದು, ಆದರೆ ನಿಮ್ಮ ಡಿಎಲ್‌ಟಿ 11 ಪ್ರಾಚಲಗಳಲ್ಲಿಯೇ ಎಡವಿತು. 78ರಲ್ಲಿ ಬಹುಪಾಲು ಒಂದರ ಮೇಲೊಂದು ಅವಲಂಬಿಸಿರುತ್ತವೆ. ಬಿಂದುಗಳ ನಡುವೆ ಛೇದ ಸೊನ್ನೆಯ ಹತ್ತಿರ ಹೋದರೆ ಅಲ್ಲಿ ಚಿತ್ರ ಹರಿದುಹೋಗುತ್ತದೆ. ಉಪಗ್ರಹ ಸಂಸ್ಥೆಗಳು ಆರ್‌ಪಿಸಿಯನ್ನು ನೆಲದ ಬಿಂದುಗಳಿಂದ ತಯಾರಿಸುವುದಿಲ್ಲ. ತಮ್ಮ ಬಳಿಯಿರುವ ಭೌತಿಕ ಮಾದರಿಯಿಂದ ಹಲವು ಎತ್ತರಗಳಲ್ಲಿ ದಟ್ಟವಾದ ಮೂರು ಆಯಾಮದ ಜಾಲವನ್ನು ಕಟ್ಟಿ, ಆ ಕೃತಕ ಬಿಂದುಗಳಿಗೆ ಸಹಗುಣಕಗಳನ್ನು ಹೊಂದಿಸುತ್ತವೆ. ಆರ್‌ಪಿಸಿ ಅಂದರೆ ಭೌತಿಕ ಮಾದರಿಯ ನಕಲು. ಮೂಲವಿಲ್ಲದೆ ನಕಲು ಮಾಡಲಾಗದು.

ನೆಲದ ಬಿಂದುಗಳಿಗೆ ಅಲ್ಲಿ ಬೇರೆ ಪಾತ್ರವಿದೆ. ಉಪಗ್ರಹದ ದಿಕ್ಕಿನ ಅಳತೆಯಲ್ಲಿ ಉಳಿದ ಸಣ್ಣ ದೋಷ ಇಡೀ ಚಿತ್ರವನ್ನು ಕೆಲವು ಪಿಕ್ಸೆಲ್ ಅತ್ತಿತ್ತ ಜರುಗಿಸುತ್ತದೆ. ಕೆಲವೇ ನಿಯಂತ್ರಣ ಬಿಂದುಗಳಿಂದ, ಚಿತ್ರದ ನಿರ್ದೇಶಾಂಕಗಳಲ್ಲಿ ಒಂದು ಸ್ಥಳಾಂತರವನ್ನೋ ಸರಳ ರೇಖಾತ್ಮಕ ತಿದ್ದುಪಡಿಯನ್ನೋ ಸೇರಿಸಿದರೆ ಸಾಕಾಗುತ್ತದೆ. ಮೂಲ ಸಹಗುಣಕಗಳನ್ನು ಮುಟ್ಟುವ ಅಗತ್ಯವಿಲ್ಲ.

ಇಲ್ಲಿ ನೆನಪಿಡಬೇಕಾದ ಮಾತೊಂದಿದೆ. ಆರ್‌ಪಿಸಿ ಕೇಳುವ ಎತ್ತರ ಎಲಿಪ್ಸಾಯ್ಡ್ (ಭೂಮಿಯ ಆಕಾರಕ್ಕೆ ಹೊಂದಿಸಿದ ಗಣಿತದ ನುಣುಪು ಮೇಲ್ಮೈ) ಮೇಲಿನದು, ಸಮುದ್ರಮಟ್ಟದಿಂದ ಅಳೆದದ್ದಲ್ಲ. ಇವೆರಡರ ಅಂತರ ಭೂಮಿಯ ಮೇಲೆ ಸುಮಾರು -106ರಿಂದ +85 ಮೀಟರ್‌ವರೆಗೆ ಬದಲಾಗುತ್ತದೆ. 2005ರಲ್ಲಿ ಹಾರಿದ ಕಾರ್ಟೊಸ್ಯಾಟ್-1ರ ಮುಂಬದಿಯ ಕ್ಯಾಮೆರಾ 26 ಡಿಗ್ರಿ ಓರೆಯಾಗಿತ್ತು. ಅಂಥ ಓರೆಯಲ್ಲಿ ಎತ್ತರವನ್ನು 50 ಮೀಟರ್ ತಪ್ಪಾಗಿ ಕೊಟ್ಟರೆ ನೆಲದ ಸ್ಥಾನ 24 ಮೀಟರಿನಷ್ಟು ಜರುಗುತ್ತದೆ. ಸ್ಥಳಾಂತರದ ತಿದ್ದುಪಡಿ ಆ ತಪ್ಪನ್ನೂ ಬಹುಮಟ್ಟಿಗೆ ನುಂಗಿಬಿಡುವುದರಿಂದ, ಕೆಲಸ ಸರಿಹೋಯಿತೆಂದು ನಾವು ತಿಳಿದುಬಿಡುತ್ತೇವೆ.

ಮಸೂರದಂಚು

ಒಂದು ವಿಷಯದಲ್ಲಿ ನನಗೆ ಸ್ವಲ್ಪ ಭಿನ್ನಾಭಿಪ್ರಾಯವಿದೆ. ಉಪಗ್ರಹ ಚಿತ್ರಕ್ಕೆ 78 ಸಹಗುಣಕಗಳು ಯಾವಾಗಲೂ ಬೇಕೆಂಬಂತೆ ಮಾತು ಸಾಗಿದೆ. ಇಕೊನೋಸ್ 681 ಕಿ.ಮೀ. ಎತ್ತರದಿಂದ ಸುಮಾರು 11 ಕಿ.ಮೀ. ಅಗಲವನ್ನು ನೋಡುತ್ತಿತ್ತು, ಅಂದರೆ ನೋಟದ ಕೋನ ಒಂದು ಡಿಗ್ರಿಗಿಂತ ಕಡಿಮೆ. ಅಷ್ಟು ಕಿರಿದಾದ ಕೋನದಲ್ಲಿ ಕಿರಣಗಳು ಹೆಚ್ಚುಕಡಿಮೆ ಸಮಾಂತರ. ಆಗ ಎಂಟು ಪ್ರಾಚಲಗಳ ಅಫೈನ್ ಮಾದರಿ, ಛೇದವೇ ಇಲ್ಲದ ಸರಳ ಮಾದರಿ, ಚಿಕ್ಕ ಪ್ರದೇಶದಲ್ಲಿ ತುಂಬ ಚೆನ್ನಾಗಿ ಕೆಲಸ ಮಾಡುತ್ತದೆ. ನಾಲ್ಕು ಬಿಂದುಗಳು ಕನಿಷ್ಠ, ಅವೂ ಒಂದೇ ಸಮತಲದಲ್ಲಿ ಇರಕೂಡದು.

ದೂರಸಂವೇದಿ

ನಿಮ್ಮ ಮಾತು ಸರಿ, ನಾನು ಅದನ್ನು ಬಿಟ್ಟದ್ದು ತಪ್ಪಾಯಿತು. ಎತ್ತರದ ವ್ಯತ್ಯಾಸ ದೊಡ್ಡದಾಗಿರುವ ಬೆಟ್ಟಗಾಡಿನಲ್ಲಿ ಅಫೈನ್ ಮಾದರಿಗೆ ತಿದ್ದುಪಡಿ ಬೇಕಾಗುತ್ತದೆ ಎಂಬುದನ್ನು ಮಾತ್ರ ಸೇರಿಸುತ್ತೇನೆ. ಡ್ರೋನ್‌ಗೆ ಇದು ಅನ್ವಯಿಸುವುದಿಲ್ಲ, ಅದರ ನೋಟದ ಕೋನ ಬಹಳ ಅಗಲ.

ಹೊಸಓದುಗ

ನೆಲದ ನಿರ್ದೇಶಾಂಕಗಳು ಯಾವ ಪದ್ಧತಿಯಲ್ಲಿರಬೇಕು? ನಾವು ಸಾಮಾನ್ಯವಾಗಿ ಯುಟಿಎಂ, ಅಂದರೆ ಭೂಮಿಯನ್ನು ವಲಯಗಳಾಗಿ ಸಮತಟ್ಟು ನಕ್ಷೆಗೆ ಇಳಿಸುವ ಪದ್ಧತಿಯನ್ನು ಬಳಸುತ್ತೇವೆ.

ಕನಿಷ್ಠವರ್ಗ

ಸರಳರೇಖಾಗತ ನಿಬಂಧನೆ ಮೂರು ಅಕ್ಷಗಳೂ ಪರಸ್ಪರ ಲಂಬವಾಗಿರುವ, ಮೂರರಲ್ಲಿಯೂ ಮೀಟರ್ ಒಂದೇ ಆಗಿರುವ ಜಗತ್ತನ್ನು ಊಹಿಸುತ್ತದೆ. ಯುಟಿಎಂ ಹಾಗಿಲ್ಲ. ಅದರ ಮಧ್ಯ ರೇಖಾಂಶದ ಮೇಲೆ ಅಡ್ಡಳತೆಗಳು 0.9996ರಷ್ಟು ಕುಗ್ಗಿರುತ್ತವೆ, ಎತ್ತರ ಕುಗ್ಗಿರುವುದಿಲ್ಲ. 400 ಮೀಟರ್ ಅಗಲದ ಗಣಿಯಲ್ಲಿ ಇದು 16 ಸೆಂ.ಮೀ., ಅಂದರೆ ಆರು ಪಿಕ್ಸೆಲ್. ಭೂಮಿಯ ಬಾಗು ಕೂಡ ಇದೆ: 1 ಕಿ.ಮೀ. ದೂರದಲ್ಲಿ 8 ಸೆಂ.ಮೀ., 10 ಕಿ.ಮೀ. ದೂರದಲ್ಲಿ ಸುಮಾರು 7.8 ಮೀಟರ್. ಗಣಿಯಷ್ಟು ಚಿಕ್ಕ ಜಾಗದಲ್ಲಿ ಅದು ಕೆಲವು ಮಿ.ಮೀ. ಮಾತ್ರ. ಸ್ಥಳೀಯ ಲಂಬಾಕ್ಷ ಪದ್ಧತಿಗೆ ಮೊದಲು ಬದಲಾಯಿಸಿಕೊಂಡು, ಲೆಕ್ಕ ಮುಗಿದ ಮೇಲೆ ಯುಟಿಎಂಗೆ ಮರಳುವುದು ನನಗೆ ಯಾವಾಗಲೂ ನೆಮ್ಮದಿ ಕೊಟ್ಟಿದೆ.

ಅಳತೆಗಾರ

ಎರಡು ವಾರಗಳ ನಂತರ ವರದಿ ಮಾಡುತ್ತಿದ್ದೇನೆ. ಮತ್ತೆ ಸ್ಥಳಕ್ಕೆ ಹೋದೆ. ಗಣಿಯ ಗೋಡೆ ಮತ್ತು ತಳದಲ್ಲಿ ಸ್ಪಷ್ಟವಾಗಿ ಕಾಣುವ ಬಂಡೆಯ ಮೂಲೆಗಳನ್ನು ಅಂಚಿನ ಮೇಲಿಂದಲೇ ಅಳೆದು ಐದನ್ನು ನಿಯಂತ್ರಣಕ್ಕೂ, ಆರನ್ನು ತಪಾಸಣೆಗೂ ಬೇರೆ ಬೇರೆಯಾಗಿ ಇಟ್ಟುಕೊಂಡೆ. 25 ಡಿಗ್ರಿ ಓರೆಯಲ್ಲಿ ಇನ್ನೊಂದು ಸುತ್ತು ಚಿತ್ರಗಳನ್ನು ತೆಗೆದೆ. ಸರಳರೇಖಾಗತ ನಿಬಂಧನೆಯಲ್ಲಿ ಎಲ್ಲ ಚಿತ್ರಗಳನ್ನೂ ಒಟ್ಟಿಗೆ ಬಿಡಿಸಿ, ಸಂಗಮದೂರ ಮತ್ತು ವಿರೂಪದ ಸಹಗುಣಕಗಳನ್ನೂ ಅದರೊಳಗೆ ಅವ್ಯಕ್ತಗಳಾಗಿ ಬಿಟ್ಟೆ. ನಿಯಂತ್ರಣ ಬಿಂದುಗಳ ಶೇಷದೋಷ ಮೊದಲಿಗಿಂತ ಹೆಚ್ಚಾಯಿತು, ಸುಮಾರು ಮುಕ್ಕಾಲು ಪಿಕ್ಸೆಲ್. ಆದರೆ ತಪಾಸಣಾ ಬಿಂದುಗಳಲ್ಲಿ ಐದರ ಎತ್ತರದ ದೋಷ 6 ಸೆಂ.ಮೀ.ಗಿಂತ ಒಳಗೆ ಬಂದಿದೆ. ಆರನೆಯದು ಮಾತ್ರ 20 ಸೆಂ.ಮೀ. ಬಿಟ್ಟು ನಿಂತಿದೆ. ಅದನ್ನು ಪಟ್ಟಿಯಿಂದ ತೆಗೆದುಹಾಕುವುದು ಸರಿಯೇ?

ಮಸೂರದಂಚು

ಕಾರಣ ತಿಳಿಯುವವರೆಗೆ ತೆಗೆಯಬೇಡಿ. ಪ್ರಿಸಂ ಇಲ್ಲದೆ ಅಳೆದಾಗ ಲೇಸರ್‌ನ ಚುಕ್ಕೆ ಬಂಡೆಯ ಮೂಲೆಯಲ್ಲಿ ಅರ್ಧ, ಹಿಂದಿನ ಗೋಡೆಯಲ್ಲಿ ಅರ್ಧ ಬಿದ್ದಿರುವ ಸಾಧ್ಯತೆ ಇದೆ. ಆ ಬಿಂದುವಿಗೆ ಅಂಚಿನ ಇನ್ನೊಂದು ಬದಿಯಿಂದ ಕೋನಗಳನ್ನು ಮಾತ್ರ ಅಳೆದು, ಎರಡು ದಿಕ್ಕುಗಳ ಛೇದನದಿಂದ ಅದರ ಸ್ಥಾನವನ್ನು ಮತ್ತೆ ಪಡೆಯಿರಿ.

ಅಳತೆಗಾರ

ಹಾಗೆಯೇ ಮಾಡಿದೆ. ದೂರದ ಅಳತೆಯೇ ತಪ್ಪಿತ್ತು. ಕೋನಗಳಿಂದ ಪಡೆದ ಸ್ಥಾನಕ್ಕೆ ಹೋಲಿಸಿದಾಗ ಎತ್ತರದ ದೋಷ 4 ಸೆಂ.ಮೀ. ಇದೆ. ಘನಗಾತ್ರದ ಲೆಕ್ಕವನ್ನು ಈಗ ಆರಂಭಿಸುತ್ತೇನೆ.